ಅಳೆಯುವ ಮೊದಲಿನ ಹಿಡಿ

ತುಮಕೂರಿನಲ್ಲಿ ಭಾನುವಾರ ಬರುವುದು ಬುಧವಾರ. ಬೆಟಗೇರಿಯಲ್ಲಿ ಕೂತು ಇದನ್ನು ಓದುತ್ತಿರುವ ಹಿರಿಯರು ಕನ್ನಡಕ ಒರೆಸಿಕೊಳ್ಳಬೇಕಾಗಿಲ್ಲ, ಅಚ್ಚಿನ ತಪ್ಪೇನೂ ಆಗಿಲ್ಲ. ಇಲ್ಲಿಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ನಾನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಯಾವ ದಿಕ್ಕಿನಿಂದ ಆರಾಧನೆಯ ಗಂಟೆ ಕೇಳಿಸೀತು ಎಂದು ಇಲ್ಲಿನ ಕಾರ್ಖಾನೆಗಳ ಬಡಾವಣೆಯಾದ ಸತ್ಯಮಂಗಲದ ರಸ್ತೆಯಲ್ಲಿ ಕಿವಿ ನಿಮಿರಿಸಿ ನಿಂತಿದ್ದೆ. ಕೇಳಿಸಿದ್ದು ಸೈರನ್ನು. ರಸ್ತೆಯ ತುಂಬ ಟಿಫಿನ್ ಡಬ್ಬಿ ನೇತುಹಾಕಿಕೊಂಡ ಸೈಕಲ್ಲುಗಳು ಹರಿದು ಬಂದವು. ಒಬ್ಬ ಕಾಲು ಊರಿ ಸೈಕಲ್ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ಲಾ, ಹೆಣ್ಣು ನೋಡಕ್ ಹೊಂಟಿದ್ದೀಯಾ? ನಾಳೆಯಿಂದ ಕೆಲ್ಸಕ್ಕೆ ಬರೋ ಹೊಸ ಟರ್ನರ್ ನೀನೇ ತಾನೇ? ನಾಳೆ ಯಾಕೆ, ಇವತ್ತೇ ಬಾ."

"ಇವತ್ತು ಭಾನುವಾರ ಅಲ್ವಾ?" ಎಂದೆ.

"ಅದ್ಕೇನೀಗ? ನಮ್ ಭಾನುವಾರ ಬುಧವಾರ ಕಣೋ."

ಅವನು ಶಿವಣ್ಣ. ನಾನು ಕೆಲಸಕ್ಕೆ ಸೇರಬೇಕಾಗಿದ್ದ ವರ್ಕ್‌ಶಾಪಿನಲ್ಲಿ ಪಕ್ಕದ ಲೇತ್ ಅವನದು. ವಿಷಯ ಇಷ್ಟೇ: ಈಗ ಎಲ್ಲ ಕಡೆಯೂ ಕರೆಂಟಿಗೆ ಬರ. ಎಲ್ಲ ಕಾರ್ಖಾನೆಗಳೂ ಒಂದೇ ದಿನ ರಜೆ ತೆಗೆದುಕೊಂಡು ಉಳಿದ ಆರು ದಿನ ಒಟ್ಟಿಗೆ ಓಡಿದರೆ ಸಾಲುವುದಿಲ್ಲವೆಂದು ವಾರದ ರಜೆಯನ್ನು ಹಂಚಿದ್ದಾರೆ. ನಮ್ಮ ಸಾಲಿನ ಶೆಡ್ಡುಗಳಿಗೆ ಬುಧವಾರ ಬಿದ್ದಿದೆ. ಆರನೆಯ ದಿನ ಮುಗಿಸಿ ಏಳನೆಯ ದಿನ ವಿಶ್ರಮಿಸಿಕೊಂಡ ದೇವರಿಗೆ ವಿದ್ಯುತ್ ಇಲಾಖೆಯ ಪರಿಚಯ ಇರಲಿಲ್ಲ.

ನಮ್ಮ ಕ್ರೈಸ್ತ ಸಭೆಯ ಪತ್ರಿಕೆ ನಡೆಸುವ ಕಾಕಾ (ಹೆಸರು ಬರೆದರೆ ಚಂದಾ ಕೇಳಲು ತುಮಕೂರಿಗೇ ಬಂದಾರು) ಪರಸ್ಥಳದ ಅನುಭವ ಬರೆದು ಕಳಿಸು ಎಂದು ಕಾರ್ಡು ಹಾಕಿದ್ದಾರೆ. ಕಾರ್ಡಿನ ಅಂಚಿನಲ್ಲಿ, ಪೋಸ್ಟ್‌ಮ್ಯಾನ್ ಓದದಿರಲಿ ಎಂಬಂತೆ ಸಣ್ಣಕ್ಷರದಲ್ಲಿ, "ನೀನು ಬಂದ ಬಡ್ತಿಯನ್ನು ಬ್ಯಾಡ ಅಂದಿ ಅಂತ ಇಲ್ಲಿ ಸುದ್ದಿ. ಖರೇನ?" ಎಂದು ಕೇಳಿದ್ದಾರೆ. ಖರೆ ಕಾಕಾ. ಹೋದ ತಿಂಗಳು ವರ್ಕ್‌ಶಾಪಿನ ಮಾಲೀಕರು ನನಗೆ ಫೋರ್‌ಮನ್ ಕೆಲಸ ಕೊಡುತ್ತೇನೆ ಎಂದರು. ನಾನು ಒಲ್ಲೆ ಎಂದೆ. ನಮ್ಮ ಮನೆಯ ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ಎಲ್ಲೆಲ್ಲಿ ಸೋರುತ್ತದೆ ಎಂಬುದು ನನಗಿಂತ ನಮ್ಮ ಓಣಿಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ "ಸಮ್ಯಾಗ ತಲಿ ತಿರಗೇತಿ" ಎಂದು ಅವರು ನನ್ನ ಬಗ್ಗೆ ಅಂದುಕೊಂಡರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಅವರು ಹಾಗೆ ಅನ್ನುವ ದನಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುವ ಕೈ, ಎರಡನ್ನೂ ನಾನು ಇಲ್ಲಿ ಮಾಡಿ ತೋರಿಸಿ ಚಹಾ ಗಿಟ್ಟಿಸಿಕೊಂಡಿದ್ದೇನೆ.

ಇನ್ನು ವಸತಿ. ನನಗೆ ಕೋಣೆ ಕೊಟ್ಟವರು ಪುಟ್ಟಮ್ಮನವರು, ಎರಡು ಎಮ್ಮೆ ಮತ್ತು ಒಂದು ನಲ್ಲಿಯ ಒಡತಿ. ಬಾಗಿಲಲ್ಲೇ ಪರೀಕ್ಷೆ ನಡೆಯಿತು.

"ಯಾವೂರಪ್ಪ?"

"ಗದಗ-ಬೆಟಗೇರಿ ಕಡೆಯವನಮ್ಮ."

"ಯಾವ್ ಜನ?"

"ಕ್ರೈಸ್ತರು."

"ಮತ್ತೆ ಕನ್ನಡ ಮಾತಾಡ್ತೀಯಲ್ಲ?"

"ನಮ್ಮಜ್ಜನ ಅಜ್ಜನೂ ಕನ್ನಡದಲ್ಲೇ ಬೈತಿದ್ದನಂತೆ."

ಪುಟ್ಟಮ್ಮ ಸ್ವಲ್ಪ ಯೋಚಿಸಿದರು. "ಇರ್ಲಿ. ರೂಮಲ್ಲಿ ಮೀನು ಮಾಂಸ ಬೇಯ್ಸಂಗಿಲ್ಲ. ನಿಮ್ ಹಾಡು ಗೀಡು ಹೇಳ್ಕೊ, ಬ್ಯಾಡ ಅನ್ನಲ್ಲ. ಆದ್ರೆ ನಲ್ಲಿ ಬಂದಾಗ ಕಣ್ ಮುಚ್ಕೊಂಡು ಪ್ರಾರ್ಥನೆ ಮಾಡ್ತಾ ಕುಂತ್ರೆ ನೀರು ನಿಂಗೋಸ್ಕರ ಕಾಯಲ್ಲ."

ಊಟದ್ದು ಬೇರೆ ಕಥೆ. ಮೆಸ್ಸಿನಲ್ಲಿ ಮೊದಲ ದಿನ "ಹಿಟ್ಟು ಉಣ್ತೀಯೋ, ಅನ್ನನೋ?" ಎಂದು ಕೇಳಿದರು. ನಮ್ಮಲ್ಲಿ ಹಿಟ್ಟು ಅಂದರೆ ಡಬ್ಬಿಯಲ್ಲಿ ಇರುವ ಪುಡಿ. ಇಲ್ಲಿ ಹಿಟ್ಟು ಅಂದರೆ ಬೆಂದು, ಉಂಡೆಯಾಗಿ, ತಟ್ಟೆಯ ನಡುವೆ ಕೂತ ರಾಗಿಮುದ್ದೆ. ನಮ್ಮ ಜೋಳದ ರೊಟ್ಟಿ ಬಡಿಯುವಾಗ ಇಡೀ ಓಣಿಗೆ ಸದ್ದು ಕೇಳಿಸುತ್ತದೆ, ತಿನ್ನುವಾಗಲೂ ಕೇಳಿಸುತ್ತದೆ. ಮುದ್ದೆಗೆ ಸದ್ದೇ ಇಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದರೆ ಮುಗಿಯಿತು. ಹದಿನೈದು ದಿನ ಅದರ ಮೇಲೆ ಸಿಟ್ಟಾಗಿದ್ದೆ. ಈಗ ಒಂದು ಹೊತ್ತು ಸಿಗದಿದ್ದರೆ ಶಿವಣ್ಣನ ಡಬ್ಬಿಗೆ ಕೈ ಹಾಕುತ್ತೇನೆ.

ಮಾತು ಕಲಿಯಲು ನನಗೆ ಎರಡು ವಾರ ಸಾಕಾಯಿತು. ನನ್ನ ಬಾಯಿಯ ಚಟ ನಿಮಗೆ ಗೊತ್ತಲ್ಲ. ಇವರ "ಬುಡು", "ಬಂದವ್ನೆ", "ಒಸಿ ಇರು" ಎಲ್ಲ ಬಾಯಿಗೆ ಹತ್ತಿದವು. ಮೂರನೆಯ ವಾರಕ್ಕೆ ಮಾಲೀಕರಾದ ನಂಜುಂಡಪ್ಪನವರು ಮೂಗಿಗೆ ನಶ್ಯ ಏರಿಸಿ "ಏನ್ರಯ್ಯಾ, ಶಾಫ್ಟ್ ಮಾಡ್ತಿದ್ದೀರೋ ಒನಕೆ ಮಾಡ್ತಿದ್ದೀರೋ" ಎನ್ನುವುದನ್ನು ನಾನು ಅವರ ಬೆನ್ನ ಹಿಂದೆ ಮಾಡಿದಾಗ, ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಇಬ್ಬರು ಬೀಡಿ ಎಸೆದು ಓಡಿದರು. ಪರವೂರಿನಲ್ಲಿ ನನ್ನ ಮೊದಲ ಗೆಲುವು ಅದು.

ಆದರೆ ಬುಧವಾರಗಳು ಉದ್ದ. ಎಲ್ಲರೂ ಹೆಂಡತಿ ಮಕ್ಕಳೊಂದಿಗೆ ಇರುವ ದಿನ ನಾನು ಕೋಣೆಯಲ್ಲಿ ಒಬ್ಬನೇ. ಒಂದು ಮಧ್ಯಾಹ್ನ ಅವ್ವನ ದನಿಯಲ್ಲಿ ನನ್ನನ್ನೇ ಊಟಕ್ಕೆ ಕರೆದೆ: "ಏ ಸಮ್ಯಾ, ರೊಟ್ಟಿ ಆರತಾವು ಬಾರಲೇ." ದನಿ ಎಳೆಯಷ್ಟೂ ತಪ್ಪಲಿಲ್ಲ. ಅಂದಿನಿಂದ ಅವ್ವನದನ್ನು ಮಾಡುವುದು ಬಿಟ್ಟಿದ್ದೇನೆ. ಅಪ್ಪ ಶಾಲೆಯ ಗಂಟೆ ಬಾರಿಸುವಾಗ ಹಲ್ಲು ಕಚ್ಚುವುದನ್ನು ಮಾತ್ರ ಆಗಾಗ ಮಾಡುತ್ತೇನೆ, ಅಪ್ಪ ಕ್ಷಮಿಸಬೇಕು.

ತುಮಕೂರಿನ ಸಭೆಯನ್ನು ಒಂದು ತಿಂಗಳ ಮೇಲೆ ಹುಡುಕಿಕೊಂಡೆ, ಅರ್ಧ ದಿನದ ಸಂಬಳ ಬಿಟ್ಟು. ನಮ್ಮಲ್ಲಿ ಪಾದ್ರಿಗಳು ಅನ್ನುವವರನ್ನು ಇಲ್ಲಿ ಅಯ್ಯನೋರು ಅನ್ನುತ್ತಾರೆ. ಈ ಅಯ್ಯನೋರೊಬ್ಬರ ಪಾಲಿಗೇ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರಿನ ಸಭೆಗಳು. ಸ್ಟಾರ್ಟ್ ಆಗುವಾಗ ಮನುಷ್ಯರಂತೆ ಕೆಮ್ಮುವ ಒಂದು ಹಳೇ ಬೈಕಿನ ಮೇಲೆ ಅವರು ತಿರುಗುತ್ತಾರೆ. ಅವರೂ ಬೈಕಿನಂತೆ ಕೆಮ್ಮುತ್ತಾರೆ. ಆರಾಧನೆಯಲ್ಲಿ ಬೋಧಿಸುವ ಪ್ರಸಂಗದ ನಡುವೆ ಕೆಮ್ಮಿ, ಹಣೆಯ ಮೇಲಿರುವ ಕನ್ನಡಕವನ್ನು ಜೇಬಿನಲ್ಲಿ ಹುಡುಕಿ, "ಪ್ರಿಯರೇ" ಎಂದು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಇಷ್ಟು ಸಾಮಗ್ರಿ ಸಿಕ್ಕ ಮೇಲೆ ನಾನು ಸುಮ್ಮನಿರುವುದುಂಟೇ? ಎರಡನೆಯ ಭಾನುವಾರವೇ ಹೊರಗೆ ಬೇವಿನ ಮರದ ಕೆಳಗೆ ಹುಡುಗರನ್ನು ಕೂರಿಸಿಕೊಂಡು ಇಡೀ ಪ್ರಸಂಗ ಮಾಡಿದೆ. ಹುಡುಗರು ಇದ್ದಕ್ಕಿದ್ದಂತೆ ನಗು ನಿಲ್ಲಿಸಿದರು. ತಿರುಗಿ ನೋಡಿದರೆ ಅಯ್ಯನೋರು ನಿಂತಿದ್ದಾರೆ, ಕನ್ನಡಕ ಹಣೆಯ ಮೇಲೆ.

"ಏನಪ್ಪ ನಿನ್ನ ಹೆಸರು?"

"ಸಮುವೇಲ, ಅಯ್ಯನೋರೇ."

"ನನ್ನ ಪ್ರಸಂಗ ನನಗಿಂತ ಚೆನ್ನಾಗಿ ಮಾಡೋ ಹುಡುಗ ಮರದ ಕೆಳಗೆ ಯಾಕಿರ್ಬೇಕು, ಸಾಮು? ನಾನು ಕುಣಿಗಲ್ಲಿಗೆ ಹೋದ ಭಾನುವಾರ ಗುಬ್ಬೀಲಿ ಓದೋರಿಲ್ಲ. ಬರೆದು ಕೊಡ್ತೀನಿ. ಮುಂದಿನ ವಾರ ಹೋಗು."

ನಾನು ಇದನ್ನು ಶಿಕ್ಷೆ ಎಂದೇ ತಿಳಿದೆ. ಈಗಲೂ ಅವರು ಶಿಕ್ಷೆಯೆಂದೇ ಕೊಟ್ಟರೆಂದು ನನ್ನ ಗುಮಾನಿ.

ಭಾನುವಾರ ಬಿಡಬೇಕಾದರೆ ಮಾಲೀಕರನ್ನು ಕೇಳಬೇಕಿತ್ತು. ನಂಜುಂಡಪ್ಪನವರು ಕೆಟ್ಟವರಲ್ಲ. ನಶ್ಯದ ಡಬ್ಬಿ ತಟ್ಟಿ, "ಬುಧವಾರ ಕರೆಂಟಿಲ್ದೆ ನೀನ್ ಏನ್ ಮಾಡ್ತೀಯ? ಬಂದು ಲೇತ್‌ಗಳ್ನ ಒರ್ಸು, ಎಣ್ಣೆ ಬಿಡು, ಅರ ಹಾಕೋ ಕೆಲ್ಸ ಮಾಡು. ಭಾನುವಾರ ಹೋಗು," ಎಂದರು. ಹೀಗೆ ನಮ್ಮ ಸಾಲೆಲ್ಲ ಮಲಗಿರುವ ಬುಧವಾರ ನಾನೊಬ್ಬನೇ ಖಾಲಿ ಶೆಡ್ಡಿನಲ್ಲಿ ಪಂಪ್‌ಸೆಟ್ಟಿನ ಶಾಫ್ಟುಗಳ ಅಂಚನ್ನು ಅರದಿಂದ ಉಜ್ಜುತ್ತ ಕೀರ್ತನೆ ಹಾಡುತ್ತಿದ್ದೆ. ತಗಡಿನ ಶೆಡ್ಡಿನಲ್ಲಿ ನನ್ನ ದನಿ ನಾಲ್ಕು ಜನರದಾಗಿ ಕೇಳುತ್ತದೆ. ನಮ್ಮ ಬೆಟಗೇರಿಯ ಗಾನವೃಂದದಲ್ಲಿ ನನ್ನನ್ನು ಹಿಂದಿನ ಸಾಲಿಗೆ ಹಾಕಿದ್ದವರು ಇದನ್ನು ಗಮನಿಸಬೇಕು.

ಗುಬ್ಬಿ ನಮ್ಮ ರೈಲಿನ ದಾರಿಯಲ್ಲೇ ಇದೆ. ಹುಬ್ಬಳ್ಳಿಯಿಂದ ಬರುವಾಗ ತುಮಕೂರಿಗೆ ಸ್ವಲ್ಪ ಮೊದಲು ತೆಂಗಿನ ತೋಟಗಳ ನಡುವೆ ಬಂದು ಹೋಗುವ ನಿಲ್ದಾಣ. ಬರುವಾಗ ನಾನು ಅದನ್ನು ನಿದ್ದೆಯಲ್ಲಿ ದಾಟಿದ್ದೆ. ನಮ್ಮ ಬೆಟಗೇರಿಯ ಗುಡಿ ನಿಮಗೆ ಗೊತ್ತು: ಎತ್ತರದ ಮಾಡು, ಉದ್ದನೆಯ ಬೆಂಚು, ಓಣಿ ಓಣಿಗೆ ಕೇಳುವ ಗಂಟೆ. ಗುಬ್ಬಿಯದು ಒಂದು ಬಾಡಿಗೆ ಕೋಣೆ. ಏಳು ಮನೆ, ನಾಲ್ಕು ಕುರ್ಚಿ, ಉಳಿದವರಿಗೆ ಚಾಪೆ. ಗಂಟೆ ಇಲ್ಲ. ಬೆಳಗಿನ ಪ್ಯಾಸೆಂಜರ್ ಕೂಗಿದರೆ ಆರಾಧನೆ ಶುರು. ರೈಲು ತಡವಾದರೆ ದೇವರೂ ಕಾಯಬೇಕು.

ಅಲ್ಲಿ ಮೊದಲ ದಿನ ಅಯ್ಯನೋರ ನೋಟ್‌ಪುಸ್ತಕ ಬಿಚ್ಚಿ ಬಾಯಿ ತೆರೆದೆ. ಪ್ರಸಂಗಕ್ಕೆಂದು ನನ್ನಲ್ಲಿ ಇದ್ದದ್ದು ಒಂದೇ ದನಿ. ಅದೇ ಬಂತು. ಕೆಮ್ಮೂ ಬಂತು. ಕೈ ತಾನಾಗಿ ಜೇಬಿನಲ್ಲಿ ಕನ್ನಡಕ ಹುಡುಕಿತು. ಚಾಪೆಯ ಮೇಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಗಂಭೀರವಾಗಿ ಕೂತಿದ್ದವರು ಒಬ್ಬರೇ, ಗೋಡೆಗೆ ಒರಗಿದ್ದ ಕರುಣಮ್ಮಜ್ಜಿ. ಒಂದು ಕಾಲದಲ್ಲಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು, ಈಗ ಎರಡೂ ಕಣ್ಣು ಹೋಗಿವೆ. ಆರಾಧನೆ ಮುಗಿದ ಮೇಲೆ ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

"ಲೋ ಹೈದ, ಅಯ್ಯನೋರ ಗಂಟ್ಲು ಅವ್ರತ್ರಾನೇ ಬುಟ್ಟು ಬಾ. ಅದು ಸವ್ದೋಗೈತೆ. ಮುಂದಿನ್ ಕಿತ ನಿನ್ ಗಂಟ್ಲಲ್ಲಿ ಓದು."

"ನನ್ನ ಗಂಟಲು ಚೆನ್ನಾಗಿಲ್ಲ ಅಜ್ಜಿ."

"ಯಾರು ಕಚೇರಿ ಮಾಡು ಅಂದ್ರು ನಿಂಗೆ? ಓದು ಅಂದ್ರೆ."

ಆ ಅಜ್ಜಿಯ ಕೈಯಲ್ಲೇ ಗುಬ್ಬಿ ಸಭೆಯ ಹಿಡಿರಾಗಿ ಇತ್ತು. ಇದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಅವ್ವಂದಿರು ರೊಟ್ಟಿಗೆ ಹಿಟ್ಟು ತೆಗೆಯುವ ಮೊದಲು ಒಂದು ಹಿಡಿ ಜೋಳದ ಹಿಟ್ಟನ್ನು ಬೇರೆ ಗಡಿಗೆಗೆ ಹಾಕುವುದಿಲ್ಲವೇ, ಅದೇ ಇಲ್ಲಿ ರಾಗಿಹಿಟ್ಟು. ಎಸರು ಇಡುತ್ತಾರೆ, ಅಂದರೆ ಮುದ್ದೆಗೆ ನೀರು ಕುದಿಯಲು ಇಡುತ್ತಾರೆ. ಮನೆಯವರಿಗೆಂದು ಹಿಟ್ಟು ಅಳೆಯುವ ಮೊದಲು ಒಂದು ಹಿಡಿ ಪಕ್ಕದ ಮಡಕೆಗೆ ಹೋಗುತ್ತದೆ. ತಿಂಗಳ ಮೊದಲ ಭಾನುವಾರ ಏಳೂ ಮನೆಯವರು ಅದನ್ನು ತಂದು ಮೊರಕ್ಕೆ ಸುರಿಯುತ್ತಾರೆ. ಕರುಣಮ್ಮಜ್ಜಿ ಕೈಯಾಡಿಸಿ, ಹುಳ ಹಿಡಿದದ್ದು ತೆಗೆದು, ಆ ತಿಂಗಳು ಕೆಲಸ ಸಿಗದವರ ಮನೆಗೆ, ಕಾಯಿಲೆಯವರ ಮನೆಗೆ ಕಳಿಸುತ್ತಾರೆ. ಅದರಲ್ಲಿ ಯಾವ ಜಾತಿ, ಯಾವ ಗುಡಿ ಎಂದು ಅಜ್ಜಿ ಕೇಳುವುದಿಲ್ಲ. "ನೀನೂ ತರ್ಬೇಕು ಕಣ್ಲಾ," ಎಂದು ನನಗೂ ಹೇಳಿದ್ದರು. "ನಾನು ಮೆಸ್ಸಲ್ಲಿ ಉಣ್ಣೋನು ಅಜ್ಜಿ, ಎಸರೇ ಇಡಲ್ಲ," ಎಂದು ತಪ್ಪಿಸಿಕೊಂಡಿದ್ದೆ.

ಹೀಗೆ ವಾರ ವಾರ ಗುಬ್ಬಿಗೆ ಹೋಗುತ್ತ ಒಂದು ವರ್ಷ ನಡೆಯಿತು. ಹೋದ ತಿಂಗಳು ನಂಜುಂಡಪ್ಪನವರು ನನ್ನನ್ನು ಕರೆದು ಕುರ್ಚಿ ತೋರಿಸಿದರು. ಅವರು ಕುರ್ಚಿ ತೋರಿಸುವುದು ಗಿರಾಕಿಗಳಿಗೆ ಮಾತ್ರ. ನನಗೆ ದಿಗಿಲಾಯಿತು.

"ದೊಡ್ಡ ಆರ್ಡರ್ ಬಂದದೆ ಸಾಮು. ಎರಡ್ನೇ ಶೆಡ್ ತೆಗೀತಿದೀನಿ. ನೀನು ಫೋರ್‌ಮನ್ ಆಗು. ಸಂಬ್ಳ ಎರಡರಷ್ಟು, ಶೆಡ್ ಪಕ್ಕದ ಮನೆ ನಿಂಗೆ. ಆದ್ರೆ ಫೋರ್‌ಮನ್ ಅಂದ್ಮೇಲೆ ಲೇತ್ ಓಡೋ ದಿನ ಇರ್ಬೇಕು. ಭಾನುವಾರ ಬಿಡಕ್ಕಾಗಲ್ಲ."

ಅವರು ನಶ್ಯ ಏರಿಸಿದರು. "ನಾನೇನ್ ನಿನ್ ದೇವ್ರಿಗೆ ಅಡ್ಡ ಬರ್ತಿಲ್ಲ ಕಣಯ್ಯ. ಬುಧವಾರ ಹೋಗಿ ಪ್ರಾರ್ಥನೆ ಮಾಡು, ಬ್ಯಾಡ ಅಂತಾನಾ? ಬರೋ ದುಡ್ಡಲ್ಲಿ ಆ ಗುಬ್ಬಿಯೋರಿಗೆ ಒಂದು ಗಂಟೆ ಕೊಡ್ಸು. ನೀನು ವಾರ ವಾರ ಹೋಗಿ ಓದೋದಕ್ಕಿಂತ ಅದು ಜೋರಾಗಿ ಕೇಳ್ಸುತ್ತೆ. ಸೋಮವಾರ ಹೇಳು."

ಇದು ನನ್ನ ತಲೆಗೆ ಎಷ್ಟು ಸಿಹಿಯಾಗಿ ಹತ್ತಿತೆಂದರೆ, ಅಂದು ಸಂಜೆಯೇ ಅಪ್ಪನಿಗೆ ಇನ್‌ಲೆಂಡ್ ಲೆಟರ್ ಬರೆದೆ. ಐದು ದಿನಕ್ಕೆ ಉತ್ತರ ಬಂತು. ಅಪ್ಪ ಪತ್ರ ಬರೆಯುವುದು ಶಾಲೆಯ ನೋಟೀಸಿನಂತೆ: "ಚಿ. ಸಮುವೇಲನಿಗೆ ಆಶೀರ್ವಾದಗಳು. ಬಂದದ್ದನ್ನು ಬಿಡಬೇಡ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಕೆಡವಿ ಹಂಚು ಹಾಕಿಸುವುದು. ಗುಬ್ಬಿಗೆ ಗಂಟೆ ಕೊಡುವುದಾದರೆ ಕಂಚಿನದು ಕೊಡುವುದು, ಕಬ್ಬಿಣದ್ದು ಒಡಕು ದನಿ." ಮೂವತ್ತು ವರ್ಷ ಗಂಟೆ ಬಾರಿಸಿದವನ ಸಲಹೆ. ಓದಿ ನನ್ನ ಎದೆ ತುಂಬಿ ಬಂತು. ಮಾಳಿಗೆಗೆ ಹಂಚು, ದೇವರಿಗೆ ಕಂಚು, ನನಗೆ ಸ್ವಂತ ಮನೆಯ ಬೀಗದ ಕೈ. ಕೋಣೆಯಲ್ಲಿ ನಿಂತು ಫೋರ್‌ಮನ್ ನಡೆಯುವುದನ್ನು ಅಭ್ಯಾಸ ಮಾಡಿದೆ, ಕೈ ಬೆನ್ನ ಹಿಂದೆ ಕಟ್ಟಿ. ಪುಟ್ಟಮ್ಮ ಕಿಟಕಿಯಿಂದ ನೋಡಿ, "ಬೆನ್ನು ನೋವೇನ್ಲಾ?" ಎಂದು ಕೇಳಿದರು.

ಸೋಮವಾರಕ್ಕೆ ಮುಂಚಿನ ಭಾನುವಾರ ತಿಂಗಳ ಮೊದಲನೆಯದು. ಇನ್ನು ಮೇಲೆ ಗುಬ್ಬಿಗೆ ಬರುವುದಿಲ್ಲವೆಂದು ಹೇಳಿ ಬರಬೇಕಿತ್ತು. ಬರಿಗೈಯಲ್ಲಿ ಹೋಗುವುದು ಹೇಗೆ? ಒಂದು ವರ್ಷದ ಹಿಡಿ ನನ್ನ ಲೆಕ್ಕದಲ್ಲಿ ಉಳಿದಿತ್ತು. ತುಮಕೂರಿನ ಅಂಗಡಿಯಲ್ಲಿ ನಾಲ್ಕು ಸೇರು ರಾಗಿಹಿಟ್ಟು ಒಟ್ಟಿಗೆ ಕಟ್ಟಿಸಿಕೊಂಡೆ. ಏಳು ಮನೆಯಲ್ಲಿ ಯಾವ ಮನೆಯ ಮಡಕೆಯಲ್ಲೂ ಅಷ್ಟು ಇರುತ್ತಿರಲಿಲ್ಲ. ಅಂದು ಪ್ರಸಂಗವನ್ನು ಗುಡುಗುವಂತೆ ಓದಿದೆ. ಕಾಣಿಕೆಯ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಮಡಕೆ ಸುರಿದರು. ಕೊನೆಯಲ್ಲಿ ನಾನು ಚೀಲ ಬಿಚ್ಚಿ, ಎಲ್ಲರಿಗೂ ಕಾಣುವ ಹಾಗೆ, ಬೇರೆ ಮೊರಕ್ಕೆ ಸುರಿದೆ. ಮೊರ ತುಂಬಿ ಚಾಪೆಗೆ ಚೆಲ್ಲಿತು.

ಕರುಣಮ್ಮಜ್ಜಿ ಎರಡೂ ಮೊರದಲ್ಲಿ ಕೈ ಇಟ್ಟರು. ಮೊದಲ ಮೊರದಲ್ಲಿ ಬೆರಳುಗಳು ನಿಧಾನವಾಗಿ ಓಡಾಡಿದವು. ನನ್ನ ಮೊರದಲ್ಲಿ ಒಂದೇ ಸಲ ಇಳಿದು ನಿಂತವು.

"ಇದ್ಯಾರ್ದು?"

"ನಂದು ಅಜ್ಜಿ," ಎಂದೆ, ಫೋರ್‌ಮನ್ ದನಿಯಲ್ಲಿ.

"ಅಂಗಡೀದು."

"ಹೆಂಗೆ ಗೊತ್ತಾಯ್ತು?"

"ಒಂದೇ ಬೀಸಿಂದು. ಬಾ ಇಲ್ಲಿ, ಕೈ ಕೊಡು." ನನ್ನ ಕೈಯನ್ನು ಮೊದಲ ಮೊರದೊಳಗೆ ತೂರಿಸಿದರು. "ಇಲ್ಲಿ ನೋಡು, ತರಿ. ಇದು ಮಾರ್ತಮ್ಮಂದು, ಹಿಟ್ಟಿನ ಮಿಷನ್ನಿಗ್ ಹಾಕ್ಸಕ್ಕೆ ಕಾಸಿಲ್ದೆ ಬೀಸೋಕಲ್ಲಲ್ಲಿ ಬೀಸವ್ಳೆ. ಪಕ್ಕದಲ್ಲಿ ನುಣ್ಣುಗೈತೆ, ಅದು ತಿಂಗ್ಳ ಮೊದ್ಲು ಕಾಸಿದ್ದಾಗಿಂದು. ಇಲ್ಲಿ ಒಸಿ ಹೊಟ್ಟು ಸೇರೈತೆ, ಆ ವಾರ ಅವ್ಳ ಮನೇಲಿ ಜರಡಿ ಹಿಡಿಯೋಕೂ ಮನ್ಸಿಲ್ಲ, ಕೂಸಿಗೆ ಜ್ವರ. ಆವಾಗ್ಲೂ ಹಿಡಿ ತೆಗ್ದವ್ಳೆ. ದಿನಾ ದಿನಾ ಅಳಿಯಕ್ ಮುಂಚೆ ತೆಗ್ದಿರೋದು ಕಣ್ಲಾ ಇದು. ನಿಂದು ಒಂದಿನದ್ದು, ಉಂಡು ಕೈ ತೊಳ್ದ ಮೇಲಿಂದು."

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

"ಹಂಗಂತ ಬ್ಯಾಡ ಅನ್ನಲ್ಲ," ಎಂದು ಅಜ್ಜಿ ಚೆಲ್ಲಿದ್ದನ್ನು ಬೊಗಸೆಯಲ್ಲಿ ತುಂಬಿದರು. "ಹಸಿದೋರಿಗೆ ಅದೂ ಇದೂ ಒಂದೇ. ತಿನ್ನೋರಿಗೆ ಒಂದೇ. ಕೊಡೋನಿಗೆ ಒಂದೇ ಅಲ್ಲ, ಅಷ್ಟೇಯ."

ಗುಬ್ಬಿಗೆ ಬರುವುದಿಲ್ಲವೆಂದು ಹೇಳುವುದಕ್ಕೆ ಎದ್ದು ನಿಂತಿದ್ದವನು ಹೇಳಲಿಲ್ಲ. ಸ್ಟೇಷನ್ನಿಗೆ ಬಂದು ಸಿಮೆಂಟಿನ ಬೆಂಚಿನ ಮೇಲೆ ಕೂತೆ. ಬಲಗೈ ಉಗುರುಗಳಲ್ಲಿ ಏಳು ಮನೆಯ ಹಿಟ್ಟು. ಒಂದು ಕಡೆಗೆ ಹಳಿ ತುಮಕೂರಿಗೆ, ಇನ್ನೊಂದು ಕಡೆಗೆ ಅರಸೀಕೆರೆ ದಾಟಿ ಹುಬ್ಬಳ್ಳಿಗೆ, ಅಲ್ಲಿಂದ ನಮ್ಮ ಮನೆಗೆ. ನಮ್ಮ ಮಾಳಿಗೆ ಸೋರಿದ ವರ್ಷವೊಂದು ನೆನಪಾಯಿತು. ಅವ್ವ ಸೋರುವ ಕಡೆಯೆಲ್ಲ ಪಾತ್ರೆ ಇಟ್ಟಿದ್ದಳು. ಇಡಲು ಪಾತ್ರೆ ಸಾಲದೆ ಬಂದಾಗಲೂ ಹಿಡಿಹಿಟ್ಟಿನ ಗಡಿಗೆಯನ್ನು ಖಾಲಿ ಮಾಡಿರಲಿಲ್ಲ. ಅದನ್ನು ತಂದು ನನ್ನ ಹಾಸಿಗೆಯ ತಲೆಗೆ, ಒಣಗಿದ ಜಾಗದಲ್ಲಿ ಇಟ್ಟಿದ್ದಳು. ನಾನು ಆಗ ಗಡಿಗೆಗೆ ಇರುವ ಜಾಗ ನನ್ನ ಕಾಲಿಗಿಲ್ಲ ಎಂದು ಗೊಣಗಿದ್ದೆ. ನನ್ನ ಭಾನುವಾರವೇ ನನ್ನ ಹಿಡಿ, ಎಸರಿಡದವನ ಹತ್ತಿರ ಇದ್ದದ್ದು ಅದೊಂದೇ. ಅದನ್ನು ಮಾರಿ ಬಂದದ್ದರಲ್ಲಿ ಗಂಟೆ ಕೊಡಿಸಿದರೆ, ಕಂಚಿನದೇ ಆದರೂ, ಅಂಗಡಿಯ ಚೀಲವೇ.

ಇಷ್ಟು ತಿಳಿದ ಮೇಲೆ ಮನಸ್ಸು ಹಗುರಾಯಿತು ಎಂದು ಬರೆದರೆ ಪತ್ರಿಕೆಗೆ ಶೋಭೆ. ಹಗುರಾಗಲಿಲ್ಲ. ಹಂಚಿನ ಮಾಡು ಕಣ್ಣ ಮುಂದೆಯೇ ಇತ್ತು.

ಸೋಮವಾರ ಮಾಲೀಕರ ಮುಂದೆ ನಿಂತಾಗ ಹೇಳಬೇಕಾದದ್ದನ್ನೆಲ್ಲ ತುಮಕೂರಿನ ಮಾತಿನಲ್ಲಿ ನಯವಾಗಿ ಸಿದ್ಧ ಮಾಡಿಕೊಂಡಿದ್ದೆ. ಬೇಕಾದರೆ ಅಯ್ಯನೋರ ಕೆಮ್ಮನ್ನೂ ಸೇರಿಸಬಹುದಿತ್ತು. ಅವರು ತಲೆ ಎತ್ತಿ, "ಏನಂತೀಯ?" ಎಂದದ್ದೇ ತಡ, ಒಂದು ವರ್ಷ ಒಳಗೆ ಮಡಿಸಿಟ್ಟಿದ್ದ ಬೆಟಗೇರಿ ಹೊರಗೆ ಬಂತು.

"ಆಗಂಗಿಲ್ರೀ ಮಾಲಕ್ರ. ಐತವಾರ ನನಗ ಬರಾಕ ಆಗಂಗಿಲ್ಲ. ಅದನ್ನ ನಾ ಮದ್ಲ ತಗದು ಇಟ್ಟೀನ್ರಿ."

ನಂಜುಂಡಪ್ಪನವರು ನಶ್ಯದ ಬೆರಳನ್ನು ಮೂಗಿನ ಹತ್ತಿರವೇ ನಿಲ್ಲಿಸಿ ನನ್ನನ್ನು ನೋಡಿದರು. "ಯಾರ್ದಯ್ಯ ಇದು? ಯಾರ್ನ ಅಣಕ ಮಾಡ್ತಿದ್ದೀಯ?"

"ಯಾರನ್ನೂ ಇಲ್ರಿ. ನಾನ."

ಅವರು ನಶ್ಯವನ್ನು ಡಬ್ಬಿಗೇ ವಾಪಸು ಉದುರಿಸಿದರು. "ಊರಲ್ಲಿ ನಿಮ್ಮಪ್ಪಂಗೆ ಏನ್ ಹೇಳ್ತೀಯ?" ಎಂದರು.

"ಅದು ಇನ್ನೂ ಗೊತ್ತಾಗಿಲ್ಲರಿ."

"ನನ್ ಮಗ ಆಗಿದ್ರೆ ಎರಡು ಬಿಗೀತಿದ್ದೆ," ಎಂದರು. "ಹೋಗು. ಬುಧವಾರ ಬಂದು ಲೇತ್ ಒರ್ಸು."

ಫೋರ್‌ಮನ್ ಕೆಲಸ ಶಿವಣ್ಣನಿಗೆ ಹೋಯಿತು. ಅವನು ಈಗ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಾನೆ. ನಾನು ಅಭ್ಯಾಸ ಮಾಡಿದಷ್ಟು ಚೆನ್ನಾಗಿ ಬರುವುದಿಲ್ಲ. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಅದು ಸುಳ್ಳು. ಅವನ ಹೆಂಡತಿ ಶೆಡ್ಡಿನ ಪಕ್ಕದ ಆ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ಕೊಟ್ಟ ಪಾಯಸವನ್ನು ಮುದ್ದೆಯಂತೆ ಅಗಿಯದೆ ನುಂಗಿದೆ. "ನಿಂಗೆ ತಲೆ ಸರಿಯಿಲ್ಲ ಕಣೋ ಸಾಮು," ಎಂದು ಶಿವಣ್ಣ ಪ್ರೀತಿಯಿಂದಲೇ ಬೈಯುತ್ತಾನೆ. "ಆದ್ರೂ ಭಾನುವಾರ ನೀನ್ ಇಲ್ದಿದ್ರೆ ಶೆಡ್ಡು ಬಣಬಣ ಅಂತದೆ." ಬೆಟಗೇರಿಯವರೂ ಸತ್ಯಮಂಗಲದವರೂ ನನ್ನ ತಲೆಯ ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದಾರೆ.

ಅಪ್ಪನಿಗೆ ಎಲ್ಲವನ್ನೂ ಬರೆದೆ. ಉತ್ತರ ಬಂದಿಲ್ಲ. ಕಾಕಾ, ನೀವು ಇದನ್ನು ಅಚ್ಚು ಹಾಕಿದರೆ ಮೊದಲ ಪ್ರತಿಯನ್ನು ಶಾಲೆಯ ಗಂಟೆಯ ಕೆಳಗೆ ಕೂತವನಿಗೆ ಕೊಡಬೇಕು. ಅಪ್ಪಾ, ಹಂಚು ಬಂದೇ ಬರುತ್ತದೆ, ಈ ವರ್ಷ ಅಲ್ಲ. ನಾನು ಇದನ್ನು ತಮಾಷೆಯಾಗಿ ಬರೆಯುವುದು ನನ್ನ ಚಟ. ಹೇಳುತ್ತಿರುವುದು ತಮಾಷೆಯಲ್ಲ. ಇನ್ನೊಮ್ಮೆ ಕುರ್ಚಿ ತೋರಿಸಿ ಕೇಳಿದರೂ ಅದನ್ನೇ ಹೇಳುತ್ತೇನೆ, ಅದೇ ದನಿಯಲ್ಲಿ.

ಅವ್ವ ಕಾಗದ ಬರೆಯುವವಳಲ್ಲ. ಹೋದ ವಾರ ನಮ್ಮ ಓಣಿಯವರೊಬ್ಬರು ಬೆಂಗಳೂರಿಗೆ ಹೋಗುವಾಗ ತುಮಕೂರು ಸ್ಟೇಷನ್ನಿನಲ್ಲಿ ರೈಲಿನ ಕಿಟಕಿಯಿಂದ ಒಂದು ಗಂಟು ಕೊಟ್ಟು ಹೋದರು. ಬಿಚ್ಚಿದರೆ ಜೋಳದ ಹಿಟ್ಟು. ಅದರ ಮೇಲೆ, ಬೇರೆ ಬಟ್ಟೆಯಲ್ಲಿ ಕಟ್ಟಿದ, ಒಂದೇ ಒಂದು ಹಿಡಿ. ಅಪ್ಪ ಏನೆಂದುಕೊಂಡಿದ್ದಾನೋ ಇನ್ನೂ ತಿಳಿಯದು. ಅವ್ವನ ಉತ್ತರ ಇದು.

ಈಗ ನಾನು ಮೆಸ್ಸು ಬಿಟ್ಟು ಕೋಣೆಯಲ್ಲೇ ಸೀಮೆಎಣ್ಣೆ ಸ್ಟೌ ಇಟ್ಟಿದ್ದೇನೆ. ಮುದ್ದೆ ತಿರುವುವುದನ್ನು ಪುಟ್ಟಮ್ಮ ಕಲಿಸಿದರು. ನನ್ನ ಮೊದಲ ಮುದ್ದೆಯನ್ನು ನೋಡಿ ಅವರ ಎಮ್ಮೆಯೂ ಮುಖ ತಿರುಗಿಸಿತು. ಸೋಮವಾರದಿಂದ ಶುಕ್ರವಾರ ರಾಗಿ, ಶನಿವಾರ ಅವ್ವ ಕಳಿಸಿದ ಜೋಳದ ರೊಟ್ಟಿ. ಯಾವುದೇ ಆದರೂ ಮೊದಲ ಹಿಡಿ ಕಿಟಕಿಯ ಮೇಲಿನ ಮಡಕೆಗೆ. ಈ ತಿಂಗಳ ಮೊದಲ ಭಾನುವಾರ ಅದನ್ನು ಗುಬ್ಬಿಗೆ ಒಯ್ದು, ಅವ್ವನ ಆ ಗಂಟನ್ನೂ ಬಿಚ್ಚಿ, ಎಲ್ಲರ ಜೊತೆಗೆ ಸುರಿದೆ. ಪ್ಯಾಸೆಂಜರ್ ತಡವಾಗಿತ್ತು, ನಾವೆಲ್ಲ ಕಾಯುತ್ತ ಕೂತಿದ್ದೆವು. ಕರುಣಮ್ಮಜ್ಜಿಯ ಬೆರಳುಗಳು ಒಂದು ಕಡೆ ನಿಂತವು.

"ಇದ್ಯಾವ್ ಹಿಟ್ಲಾ? ನಮ್ ಕಡೇದಲ್ಲ."

"ನಮ್ಮೂರಿಂದು ಅಜ್ಜಿ. ಜೋಳ."

"ನಿಮ್ಮೂರು ಅಂದ್ರೆ ಯಾವ್ದು ಈಗ?"

ನಾನು ಬಾಯಿ ತೆರೆದೆ. ಎರಡು ಹೆಸರು ಒಟ್ಟಿಗೆ ಬಂದು ಒಂದಕ್ಕೊಂದು ಅಡ್ಡ ಬಿದ್ದವು. ಅಜ್ಜಿ ಜೋಳದ ಹಿಟ್ಟನ್ನು ರಾಗಿಯೊಳಕ್ಕೆ ಕಲಸುತ್ತ, "ಇರ್ಲಿ ಬುಡು," ಎಂದರು. "ಒಂದೇ ಎಸರಿಗೆ ಹೋಯ್ತದೆ." ಅಷ್ಟರಲ್ಲಿ ರೈಲು ಕೂಗಿತು. ನಾನು ನೋಟ್‌ಪುಸ್ತಕ ಬಿಚ್ಚಿದೆ.